ಎರಡು ಮೊಲಗಳ ಟೈಲು

ಬಾಗಿಲು ತೆಗೆಯುತ್ತಲೇ ಮಂಜರಿಯ ಮೂಗಿಗೆ ಹುಣಸೆಹಣ್ಣಿನ ವಾಸನೆ ಬಡಿಯಿತು. ಸಿಂಕಿನ ಪಕ್ಕದಲ್ಲಿ ಟವೆಲ್ ಹಾಸಿತ್ತು. ಅದರ ಮೇಲೆ ದೇವರ ದೀಪಗಳು, ನಡುವೆ ಆ ಟೈಲು. ಅದರ ಬಂಗಾರ ಹೋಗಿತ್ತು.

"ಅತ್ತೆ, ಏನು ಮಾಡಿದ್ರಿ ಇದು?"

"ಹಿತ್ತಾಳಿ ದೀಪದ ಸಂಗಾಟ ಇದನ್ನೂ ತಿಕ್ಕಿದೆ, ಯವ್ವಾ," ಎಂದರು ರುದ್ರಮ್ಮ. ಧಾರವಾಡ ಬಿಟ್ಟು ಪರದೇಶದ ಲಿವೋನಿಯಾ ಊರಿನಲ್ಲಿ ಮಗ ಸೊಸೆಯ ಜೊತೆ ಎರಡು ವರ್ಷ ಕಳೆದರೂ ಅವರ ಮಾತು ಧಾರವಾಡದಲ್ಲೇ ಇತ್ತು. "ಹೊಳೀಲಿ ಅಂತ. ಇದ್ದ ಹೊಳಪೂ ಹೋತು."

ಎಂಟು ಮೂಲೆಯ ನಕ್ಷತ್ರದಂಥ ಟೈಲು. ನಡುವೆ ಎರಡು ಮೊಲ, ಅಂಚಿನ ಸುತ್ತ ಪಾರಸಿ ಅಕ್ಷರ. ಇರಾನಿನ ಕಾಶಾನಿನಲ್ಲಿ ಏಳುನೂರು ವರ್ಷಗಳ ಹಿಂದೆ ಸುಟ್ಟದ್ದು. ಬೆಳಕಿಗೆ ಓರೆ ಮಾಡಿದರೆ ಮೊಲಗಳು ಮಿರುಗುತ್ತಿದ್ದವು. ಈಗ ಅಲ್ಲಿ ಬರೀ ಬೂದುಬಣ್ಣದ ಮಂಕು.

ಅದು ಪಕ್ಕದ ಮನೆಯಲ್ಲಿದ್ದ ದರಿಯಾ ಅವರದು. ಹೋದ ವರ್ಷ ಬ್ಯಾಂಕು ಮನೆ ತೆಗೆದುಕೊಂಡಾಗ ಅವರು ಸ್ಟರ್ಲಿಂಗ್ ಹೈಟ್ಸ್‌ಗೆ, ಗಂಡನ ತಮ್ಮನ ಮಗ ಬಹ್ರಾಮನ ಅಪಾರ್ಟ್‌ಮೆಂಟಿಗೆ ಹೋದರು. ಇಟ್ಟುಕೊಂಡಿರು ಎಂದು ಟೈಲನ್ನು ಮಂಜರಿಯ ಕೈಗಿಟ್ಟರು. ಇದರ ಪಕ್ಕದಲ್ಲಿ ಕೂರುವ ಶಿಲುಬೆಯಾಕಾರದ ಟೈಲು ತೆಹರಾನಿನಲ್ಲಿರುವ ಅವರ ಅಕ್ಕನ ಬಳಿ ಇದೆಯಂತೆ.

ಈಗ, ೨೦೦೯ರ ಜನವರಿಯಲ್ಲಿ, ಬಹ್ರಾಮನ ಕೆಲಸವೂ ಹೋಗಿತ್ತು. ಟೈಲು ಕೊಳ್ಳುವವನೊಬ್ಬ ಸಿಕ್ಕಿದ್ದ. ನಾಳೆ ಅವನನ್ನು ಕಾರಿನಲ್ಲಿ ಐದು ಗಂಟೆ ದೂರದ ಇಟಾಸ್ಕಾದ ಹೋಟೆಲಿನಲ್ಲಿ ಕಾಣಬೇಕು. ಇನ್ನರ್ಧ ಗಂಟೆಯಲ್ಲಿ ಬಹ್ರಾಮ್ ಅದನ್ನು ಒಯ್ಯಲು ಬರುವವನಿದ್ದ.

ಮಾರಲು ಮನಸ್ಸಿದೆಯೇ ಎಂದು ಮಂಜರಿ ಮಂಗಳವಾರ ಮನೆಗೆ ಬಂದಿದ್ದ ದರಿಯಾರನ್ನು ಕೇಳಿದ್ದಳು. "ಬಹ್ರಾಮನ ಮನೆಯಲ್ಲಿ ಉಣ್ಣುತ್ತೇನೆ, ಬೇಡ ಎನ್ನಲೇ?" ಎಂದು ಅವರು ಟೈಲನ್ನು ಬೋರಲು ಹಾಕಿದ್ದರು. ಆಮೇಲೆ ಈ ಮೆರುಗಿನ ಕಥೆ ಹೇಳಿದರು. ಬೆಳ್ಳಿ, ತಾಮ್ರಗಳನ್ನು ಮಣ್ಣಲ್ಲಿ ಕಲಸಿ ಚಿತ್ರ ಬರೆದು ಹೊಗೆಯಲ್ಲಿ ಸುಡುತ್ತಿದ್ದರು. ಗೂಡಿನಿಂದ ತೆಗೆದಾಗ ಬರೀ ಮಣ್ಣು, ಒರೆಸಿದರೆ ಬಂಗಾರ. ಮಂಜರಿ ಅದನ್ನು ಕನ್ನಡಕ್ಕೆ ತಿರುಗಿಸಿದಾಗ ರುದ್ರಮ್ಮ, "ಅಂದ್ರ ಅಲ್ಲೂ ತಿಕ್ಕೂದು ತಪ್ಪಿಲ್ಲ ಅನ್ನು," ಎಂದಿದ್ದರು. ಮಂಜರಿ ಲೈಬ್ರರಿಯ ಕೆಲಸಕ್ಕೆ ಹೊರಟಳು. ಒಬ್ಬರ ಮಾತು ಒಬ್ಬರಿಗೆ ಬಾರದ ಇಬ್ಬರು ಮುದುಕಿಯರೂ ಎಂದಿನಂತೆ ಕೈಸನ್ನೆ ಮಾಡುತ್ತ ಕೂತರು.

ಆ ಕಥೆಯನ್ನು ತಾನು ತಿರುಗಿಸಿ ಹೇಳಲೇಬಾರದಿತ್ತು ಎಂದು ಈಗ ಮಂಜರಿಗೆ ಅನ್ನಿಸಿತು. ತೊಳೆದು ನೋಡೋಣವೆಂದು ನಲ್ಲಿಗೆ ಕೈ ಚಾಚಿದಳು.

"ನೀರು ಹಾಕಬ್ಯಾಡ!" ರುದ್ರಮ್ಮ ಗದರಿದರು. ಟೈಲನ್ನು ಕಿತ್ತುಕೊಂಡು ಹಳೆಯ ಸೀರೆಯ ತುಂಡಿನಲ್ಲಿ ಮೆಲ್ಲಗೆ ಸುತ್ತಿದರು. ಈಗ ಇಷ್ಟು ಜೋಪಾನ ಮಾಡಿ ಏನು ಬಂತು!

ದೀಪಗಳು ಮೊದಲಿನಷ್ಟೇ ಕಪ್ಪಾಗಿದ್ದವು. ದಿಕ್ಕು ತೋಚದೆ ಮಂಜರಿ ದೇವರ ಗೂಡಿನತ್ತ ನೋಡಿದಳು. ಮೊನ್ನೆ ತಂದ ವಿಭೂತಿ ಗಟ್ಟಿ ಸವೆದು ಅಡಿಕೆ ಹೋಳಿನಷ್ಟಾಗಿತ್ತು. ಈ ಕೆಟ್ಟ ಕಾಲದಲ್ಲಿ ಎಲ್ಲರ ಕೆಲಸ ಉಳಿಯಲೆಂದು ಅತ್ತೆ ಎಷ್ಟು ಪೂಜೆ ಮಾಡುತ್ತಾರೋ ಎನಿಸಿತು. ಬೈಯದೆ ದೀಪಗಳನ್ನು ಎತ್ತಿಟ್ಟಳು.

ಬಹ್ರಾಮ್ ದರಿಯಾರ ಕೈ ಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದ. ರುದ್ರಮ್ಮ ದರಿಯಾರ ಮುಂದೆ ಚಹಾ ಇಟ್ಟರು. ಬಹ್ರಾಮ್ ಟೈಲಿಗೆ ಸುತ್ತಿದ್ದ ಸೀರೆಯ ತುಂಡನ್ನು ಬಿಚ್ಚಿ ನೋಡಿದ. ಮತ್ತೆ ನೋಡಿದ.

"ಯಾರು ಮಾಡಿದ್ದು?"

"ನಾನೇ. ಕ್ಲೀನ್ ಮಾಡೋಕೆ ಹೋಗಿ..." ಎಂದಳು ಮಂಜರಿ. ರುದ್ರಮ್ಮ ಹಿಂದಿನಿಂದ ಅವಳ ಸ್ವೆಟರಿನ ತೋಳು ಜಗ್ಗಿದರು.

ಬಹ್ರಾಮ್ ಕುರ್ಚಿಗೆ ಕುಸಿದ. ಕೂಗಾಡಿದ್ದರೆ ಮಂಜರಿಗೆ ಹಗುರವಾಗುತ್ತಿತ್ತು. "ನಲವತ್ತು ಕಡೆ ಅಪ್ಲೈ ಮಾಡಿದೀನಿ," ಎಂದ, ಯಾರಿಗೂ ಅಲ್ಲದ ಹಾಗೆ. ಆಮೇಲೆ ಎದ್ದು, ಜಾರಿದ್ದ ಶಾಲನ್ನು ದರಿಯಾರ ಹೆಗಲಿಗೆ ಸರಿಯಾಗಿ ಹೊದಿಸಿದ. "ಇನ್ನು ಯಾರು ಕೊಳ್ತಾರೆ ಇದನ್ನ? ನಿಮ್ಮ ಹತ್ತಿರಾನೇ ಇರಲಿ ಆಂಟಿ. ಕೊಳ್ಳೋನಿಗೆ ನಾಳೆ ಬರಲ್ಲ ಅಂತ ಫೋನ್ ಮಾಡ್ತೀನಿ."

ಅವನು ಹೊರಗೆ ಹೋದ. ಕಾರಿನ ಗಾಜಿಗೆ ಕಟ್ಟಿದ ಮಂಜನ್ನು ಹೆರೆಯುವ ಸದ್ದು ಕೇಳಿಸಿತು.

"ದರಿಯಾ ಆಂಟಿ, ನಿಮಗೆ ಯಾವ ಮುಖ ಇಟ್ಟುಕೊಂಡು..." ಮಂಜರಿ ಟೈಲನ್ನು ಅವರ ಮುಂದೆ ಸರಿಸಿದಳು.

ದರಿಯಾ ಅವಳತ್ತ ನೋಡಲಿಲ್ಲ. ಬೆರಳ ತುದಿಯನ್ನು ಚಹಾದಲ್ಲಿ ಅದ್ದಿ ಟೈಲಿನ ಮೇಲೆ ಒಮ್ಮೆ ಎಳೆದರು. ಅಷ್ಟು ಜಾಗದಲ್ಲಿ ಮೊಲದ ಒಂದು ಕಿವಿ ಬಂಗಾರವಾಗಿ ಹೊಳೆಯಿತು.

"ಈಗ ಬ್ಯಾಡ, ಹುಡುಗ ಇನ್ನೂ ಬಾಗಿಲಾಗ ಅದಾನ," ಎನ್ನುತ್ತ ರುದ್ರಮ್ಮ ದೇವರ ಗೂಡಿನಿಂದ ಉಳಿದ ವಿಭೂತಿ ತಂದು, ನೀರಲ್ಲಿ ತೇದು, ಆ ಕಿವಿಯನ್ನು ಮತ್ತೆ ಮುಚ್ಚಿದರು.