ದಯಾಳನ ಕಣ್ಣು

ದೇಶದ ಫುಟ್‌ಬಾಲ್ ತಂಡ ಹೊರದೇಶದ ನಾಲ್ಕು ಟೂರ್ನಿಗಳಲ್ಲಿ ಮೊದಲ ಸುತ್ತಿಗೇ ಗಂಟುಮೂಟೆ ಕಟ್ಟಿತ್ತು. ಅದಕ್ಕೆ ಕಾರಣ ಕೋಚ್ ಅಲ್ಲ, ಗೋಲ್‌ಕೀಪರ್ ಅಲ್ಲ, ವೆಲ್ಡಿಂಗ್ ದಯಾಳನ ಕೆಟ್ಟ ಕಣ್ಣು ಎಂದು ಅವನ ಬೀದಿಯ ಕ್ಲಬ್ಬಿನವರು ತೀರ್ಮಾನಿಸಿದ್ದರು. ನಾಲ್ಕು ಸಲವೂ ಅವನು ಕ್ಲಬ್ಬಿನ ಟಿವಿ ಮುಂದೆ ಮೊದಲ ಸಾಲಿನಲ್ಲಿ ಕೂತಿದ್ದ. ಈ ಸಲ ಜ್ವರ ಬಂದು ಮನೆಯಲ್ಲಿ ಮಲಗಿದ. ತಂಡ ಕ್ವಾರ್ಟರ್ ಫೈನಲ್ ತಲುಪಿತು. ಸಾಕ್ಷಿಗೆ ಅಷ್ಟು ಸಾಕಾಯಿತು.

ಆ ಪಂದ್ಯದ ದಿನ ಕ್ಲಬ್ಬಿನ ಹಿರಿಯ ಮುನಿಯಣ್ಣ ಬಾಗಿಲಿಗೆ ಅಡ್ಡ ನಿಂತ.

"ಒಳಗೆ ಬರ್ಬೇಡ ಕಣೋ."

"ಡಿಫೆಂಡರ್‌ಗಳು ನಿದ್ದೆ ಹೊಡೆದ್ರೆ ನನ್ ಕಣ್ಣು ಏನ್ ಮಾಡ್ತದಣ್ಣ? ಈ ಟಿವಿ ಸ್ಟ್ಯಾಂಡು ವೆಲ್ಡ್ ಮಾಡೋವಾಗ ಇದೇ ಕಣ್ಣು ಬೇಕಾಗಿತ್ತು, ಈಗ ಬೇಡ್ವಾ?"

"ಬೇಕಪ್ಪ, ಇಲ್ಲ ಅಂದೋರ್ಯಾರು? ದೇಶಕ್ಕೋಸ್ಕರ ಒಂದಿನ ಮನೇಲಿರು, ನಿನ್ನ ದಮ್ಮಯ್ಯ."

ಮುಖದ ಮೇಲೇ ಬಾಗಿಲು ಮುಚ್ಚಿತು.

ಎರಡು ಗಂಟೆಯ ನಂತರ ಎಲ್ಲರೂ ಕುಣಿಯುತ್ತ ಹೊರಗೆ ಬಂದರು. ತಂಡ ಗೆದ್ದಿತ್ತು. ಬೀದಿಯಲ್ಲಿ ನಿಂತಿದ್ದ ದಯಾಳನನ್ನು ಮುನಿಯಣ್ಣ ಓಡಿಬಂದು ತಬ್ಬಿಕೊಂಡ.

"ಕಂಡ್ಯಾ? ನೀನು ನೋಡ್ಲಿಲ್ಲ, ನಾವು ಗೆದ್ವಿ."

ದಯಾಳ ಅವನ ಕೈ ಕೊಡವಿದ. "ನೋಡಿದೀನಿ. ಹಿಂದಿನ ಕಿಟಕಿ ಕೆಳಗೆ ನಾಲ್ಕು ಇಟ್ಟಿಗೆ ಪೇರಿಸಿ, ಒಂಟಿಕಾಲಲ್ಲಿ ನಿಂತು, ಮೊದಲಿಂದ ಕೊನೇತನಕ ಒಂದು ಕಿಕ್ ಬಿಡದೆ ನೋಡಿದೀನಿ. ಈಗೇನಂತೀರ?"

ಕುಣಿತ ನಿಂತಿತು. ಮುನಿಯಣ್ಣ ಗಲ್ಲ ಕೆರೆದುಕೊಂಡ.

"ಶುಕ್ರವಾರ ಸೆಮಿಫೈನಲ್ ಐತೆ. ಸರಿಯಾಗಿ ನೆನಪು ಮಾಡ್ಕೊಂಡು ಹೇಳು, ನಿಂತಿದ್ದು ಎಡಗಾಲಲ್ಲೋ, ಬಲಗಾಲಲ್ಲೋ?"