ಸಾಲಿ ಇಲ್ಲದ ದಿನಗಳು

ಈಗಲೂ ಸೀರೆ ಅಂಗಡಿಯಲ್ಲಿ ಹೊಸ ನೂಲಿನ ಗಂಜಿ ವಾಸನೆ ಮೂಗಿಗೆ ಬಡಿದರೆ ನಾನು ಹೆಗಲು ಕುಗ್ಗಿಸಿಕೊಂಡು ನಿಂತುಬಿಡುತ್ತೇನೆ.

ನಾರಾಯಣಪೇಟೆಯಲ್ಲಿ ನಮ್ಮದು ಸೀರೆ ನೇಯುವ ಮನೆ. ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಬಂದ್ ಮೇಲೆ ಬಂದ್ ನಡೆದ ವರ್ಷ ಅದು. ನನಗೆ ಒಂಬತ್ತು. ನಾನು ಓದುತ್ತಿದ್ದ ಸಾಲಿ ಮುಚ್ಚಿತ್ತು, ಸೀರೆ ಒಯ್ಯುವ ಸಾವುಕಾರ ಬಂದಿರಲಿಲ್ಲ, ಅಪ್ಪ ದಿನವಿಡೀ ಮನೆಯಲ್ಲೇ ಇದ್ದ. ಆ ಮಧ್ಯಾಹ್ನ ನನ್ನ ಕಾಲು ತಾಗಿ ಗಂಜಿಯ ಪಾತ್ರೆ ಉರುಳಿ, ಬಣ್ಣದ ನೂಲಿನ ಮೇಲೆಲ್ಲ ಹರಿಯಿತು. ಅಪ್ಪ ಮೂಲೆಯಲ್ಲಿದ್ದ ಹಗ್ಗ ಎಳೆದುಕೊಂಡು ನನ್ನ ಬೆನ್ನ ಮೇಲೆ ಹೊಡೆಯತೊಡಗಿದ. ಅವ್ವ ಬಿಡಿಸಲಿಲ್ಲ. ಎದ್ದು ಹೋಗಿ ಬೀದಿ ಬಾಗಿಲು ಮುಂದೆ ಮಾಡಿದಳು.

"ಚೀರಬ್ಯಾಡ, ಮಂದಿ ಕೇಳ್ತಾರ," ಎಂದಳು.

ಮಂದಿ ಆಗಲೇ ಕೇಳಿದ್ದರು. ಎದುರು ಮನೆಯ ಕುರುಬರ ಮಲ್ಲವ್ವ ಬಾಗಿಲು ನೂಕಿಕೊಂಡು ಬಂದು ನಮ್ಮಿಬ್ಬರ ನಡುವೆ ನಿಂತಳು.

"ನನ್ನ ಮಗಳು, ನಾ ಹೊಡಿತೀನಿ. ನಿನಗ್ಯಾಕ ಬೇಕು?" ಅಪ್ಪ ಕೂಗಿದ.

"ಹೊಡಿಯಪ್ಪ, ಮೊದಲು ನನಗ ಹೊಡಿ," ಎಂದವಳೇ ಆಕೆ ನನ್ನ ರಟ್ಟೆ ಹಿಡಿದು ಹೊರಗೆಳೆದಳು. "ಸಾಲಿ ತೆಗಿಯೋ ತನಕ ಹಗಲೆಲ್ಲ ಇಕಿ ನಮ್ಮನ್ಯಾಗ ಇರ್ತಾಳ."

ಅವ್ವ ಬೀದಿಗೆ ಬಂದು ಆಕೆಯನ್ನು ಬಾಯಿಗೆ ಬಂದಂತೆ ಬೈದಳು. "ನಮ್ಮ ಮನಿ ಮರ್ಯಾದಿ ತಗದಿ! ಇನ್ನ ನಿನ್ನ ಮಾರಿ ನೋಡಂಗಿಲ್ಲ."

ನೋಡಲೂ ಇಲ್ಲ. ಆದರೆ ಮರುದಿನ ಅಪ್ಪ ಏಳುವ ಮೊದಲೇ ನನ್ನನ್ನು ಎಬ್ಬಿಸಿ, ತಲೆ ಬಾಚಿ, ಮಲ್ಲವ್ವನ ಹೊಸ್ತಿಲ ತನಕ ತಾನೇ ಕರೆತಂದಳು. ನನ್ನ ಕೈಯಲ್ಲಿ ಎರಡು ರೊಟ್ಟಿ ಇಟ್ಟು, ಒಳಗೆ ಕಣ್ಣು ಹಾಯಿಸದೆ ತಿರುಗಿ ಹೋದಳು. ಸಾಲಿ ತೆರೆಯುವವರೆಗೂ ದಿನಾ ಹಾಗೆಯೇ ಮಾಡಿದಳು.