ಪಕ್ಷದ ಎಡೆ

ಎರಡು ದೇಶಗಳ ನಡುವಿನ ಯುದ್ಧದಲ್ಲಿ ಸೆರೆಸಿಕ್ಕವರ ಮೇಲೆ ಸಂಶೋಧನೆ ಮಾಡುತ್ತಿದ್ದ ಹುಡುಗಿಯೊಬ್ಬಳು ನಮ್ಮ ಜಗುಲಿಗೆ ಬಂದು ಕೂತಳು. ಅವಳ ಪುಸ್ತಕದ ಚೀಲ ಎಳೆಯಲು ಜೋಡೆತ್ತು ಬೇಕಿತ್ತು.

"ಇಷ್ಟೊಂದು ಓದಿದ್ರೆ ನಿಂಗೆ ಗಂಡು ಎಲ್ಲಿ ಸಿಕ್ಕಾನವ್ವ?" ಎಂದೆ.

ಅವಳು ನಗಲಿಲ್ಲ. "ಅಜ್ಜಿ, ನಿಮ್ಮ ಯಜಮಾನ್ರು ಯುದ್ಧದಲ್ಲಿ ಸತ್ತಿರಲಿಲ್ಲ. ಶತ್ರು ದೇಶದ ಜೈಲಲ್ಲಿ ಅವರನ್ನ ನೋಡಿದವರು ಸಿಕ್ಕಿದ್ದಾರೆ."

"ಗೊತ್ತು ಕಣವ್ವ."

"ಗೊತ್ತಾ? ಯಾರು ಹೇಳಿದ್ರು?"

"ಕಾಗೆ. ಸರ್ಕಾರದೋರು ಸತ್ರು ಅಂದ್ರು, ಊರೋರು ನನ್ನ ಕುಂಕುಮ ಅಳಿಸಿದ್ರು. ಆವತ್ತಿಂದ ಪಿತೃಪಕ್ಷಕ್ಕೆ ಅವರ ಹೆಸರಲ್ಲಿ ಎಡೆ ಇಡ್ತೀನಿ. ಊರೋರ ಎಡೆಯೆಲ್ಲ ಬಾಳೆಲೆ ಸಮೇತ ನುಂಗೋ ಕಾಗೆಗಳು ನಮ್ಮ ಎಡೆ ಹತ್ರಕ್ಕೇ ಬರ್ತಿರ್ಲಿಲ್ಲ. ಬದುಕಿರೋರ ಎಡೆಯ ಅವು ಮುಟ್ತಾವಾ?"

ಅವಳು ನನ್ನ ಕೈ ಹಿಡಿದುಕೊಂಡಳು. "ಈಗ ಎರಡೂ ದೇಶದವರು ಮಾತಿಗೆ ಕೂತಿದ್ದಾರೆ ಅಜ್ಜಿ. ನೀವು ಕೇಳಿಕೊಂಡ್ರೆ ಅವರನ್ನ ಬಿಡಿಸಿಕೊಂಡು ಬರಬಹುದು."

"ಹೋದ ವರ್ಷವೇ ಬರಬಾರದಾಗಿತ್ತಾ ಮಗಳೇ," ಎಂದೆ. "ಈ ಸಲ ನಾನು ಎಡೆ ಇಟ್ಟು ಕೈ ತೆಗೆಯೋಕೆ ಮುಂಚೆನೇ ಕಾಗೆಗಳು ಬಂದು ತಿಂದ್ವು."